‘ಆಗಿಬರಲಿಲ್ಲ’ ಎಂಬ ಮಾತು ಉಪ್ಸಲಾ ತಲುಪುವ ಬಗೆ

ಮುಟ್ಟಿನ ಹೊಟ್ಟೆನೋವು, ಹಲ್ಲುನೋವು, ಮೈಕೈ ನೋವಿಗೆಂದು ನಮ್ಮ ಮನೆಗಳಲ್ಲಿ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿರುವ ಮೆಫೆನಮಿಕ್ ಆಸಿಡ್ ಎಂಬ ನೋವುನಿವಾರಕದ ಬಗ್ಗೆ 2023ರ ನವೆಂಬರ್ 30ರಂದು, ಔಷಧಗಳ ಗುಣಮಟ್ಟ ಗೊತ್ತುಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಭಾರತೀಯ ಫಾರ್ಮಕೋಪಿಯಾ ಆಯೋಗ ಒಂದು ಎಚ್ಚರಿಕೆ ಹೊರಡಿಸಿತು. ಈ ಔಷಧ ತೆಗೆದುಕೊಂಡ ಕೆಲವರಲ್ಲಿ ‘ಡ್ರೆಸ್’ ಎಂಬ ಸಂಕ್ಷಿಪ್ತ ಹೆಸರಿನ ತೀವ್ರ ಪ್ರತಿಕ್ರಿಯೆ ಕಾಣಿಸಿಕೊಂಡಿರುವುದು ವರದಿಗಳ ಪ್ರಾಥಮಿಕ ವಿಶ್ಲೇಷಣೆಯಿಂದ ತಿಳಿದುಬಂದಿದೆ, ವೈದ್ಯರೂ ರೋಗಿಗಳೂ ಇದರ ಮೇಲೆ ಗಮನವಿಡಬೇಕು ಎಂಬುದು ಅದರ ಸಾರ. ಕೆಲವೇ ಸಾಲುಗಳ ಆ ಸೂಚನೆ ಒಂದು ವಾರದೊಳಗೆ ದೊಡ್ಡ ಸುದ್ದಿಯಾಯಿತು. ಔಷಧದ ಡಬ್ಬಿ ತೆರೆದು ಮಾತ್ರೆಯ ಹಿಂಬದಿಯ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಓದಲು ಹೊರಟವರಿಗೆ ಸಹಜವಾಗಿಯೇ ಎರಡು ಪ್ರಶ್ನೆಗಳು ಎದ್ದವು. ಇಷ್ಟು ವರ್ಷ ಇಲ್ಲದ ಅಪಾಯ ಈಗ ಎಲ್ಲಿಂದ ಬಂತು? ದೇಶದ ಯಾವುದೋ ಮೂಲೆಯಲ್ಲಿ ಯಾರಿಗೋ ಆದ ತೊಂದರೆ ಆಯೋಗಕ್ಕೆ ತಿಳಿದದ್ದಾದರೂ ಹೇಗೆ?

ಈ ಪ್ರಶ್ನೆಗಳಿಗೆ ಉತ್ತರವಾಗಿ ಇರುವುದು ಔಷಧಗಳ ಅಡ್ಡಪರಿಣಾಮಗಳನ್ನು ಜಗತ್ತಿನಾದ್ಯಂತ ಕಲೆಹಾಕಿ, ಹೋಲಿಸಿ, ತೂಗಿ ನೋಡುವ ಒಂದು ವ್ಯವಸ್ಥೆ. ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ಕೆಲಸ ಮಾಡುತ್ತಿದ್ದರೂ ಆಸ್ಪತ್ರೆಯ ಹೊರಗೆ ಅದರ ಹೆಸರು ಕೇಳಿದವರು ಕಡಿಮೆ. ಇಂಗ್ಲಿಷಿನಲ್ಲಿ ಅದನ್ನು ಫಾರ್ಮಕೋವಿಜಿಲೆನ್ಸ್ ಎನ್ನುತ್ತಾರೆ. ಔಷಧ ಎಂಬ ಅರ್ಥದ ಗ್ರೀಕ್ ಪದಕ್ಕೂ ಎಚ್ಚರದಿಂದಿರುವುದು ಎಂಬ ಅರ್ಥದ ಲ್ಯಾಟಿನ್ ಪದಕ್ಕೂ ಗಂಟು ಹಾಕಿ ಮಾಡಿದ ಹೆಸರು ಇದು. ಕನ್ನಡದಲ್ಲಿ ಔಷಧ ಜಾಗರೂಕತೆ ಎನ್ನಬಹುದು.

ಅಡ್ಡಪರಿಣಾಮ ಎಂದರೆ ಏನು

‘ಆ ಮಾತ್ರೆ ನನಗೆ ಆಗಿಬರಲಿಲ್ಲ’ ಎನ್ನುವಾಗ ನಾವು ಹಲವು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ನೆಗಡಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳಿಂದ ತೂಕಡಿಕೆ ಬರುವುದು, ಸಕ್ಕರೆ ಕಾಯಿಲೆಯ ಮಾತ್ರೆಯ ಪ್ರಮಾಣ ಹೆಚ್ಚಾದಾಗ ಬೆವರಿ ಕಣ್ಣು ಕತ್ತಲಿಡುವುದು ಮೊದಲಾದವು ಆ ಔಷಧ ಕೆಲಸ ಮಾಡುವ ರೀತಿಯಿಂದಲೇ ಊಹಿಸಬಹುದಾದ ಪರಿಣಾಮಗಳು. ಪ್ರಮಾಣ ತಗ್ಗಿಸಿದರೆ ಅವೂ ತಗ್ಗುತ್ತವೆ. ಇನ್ನೊಂದು ಬಗೆಯದು ಹೀಗಲ್ಲ. ಸಾವಿರಾರು ಜನ ಯಾವ ತೊಂದರೆಯೂ ಇಲ್ಲದೆ ನುಂಗಿದ ಮಾತ್ರೆಯೇ ಒಬ್ಬರ ಮೈಮೇಲೆಲ್ಲ ಬೊಬ್ಬೆ ಎಬ್ಬಿಸುತ್ತದೆ ಅಥವಾ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಆ ಒಬ್ಬರು ಯಾರು ಎಂದು ಮೊದಲೇ ಹೇಳಲು ಬಹುತೇಕ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಆರಂಭದಲ್ಲಿ ಹೇಳಿದ ಡ್ರೆಸ್ ಈ ಎರಡನೆಯ ಬಗೆಗೆ ಸೇರಿದ್ದು. ಮೈಮೇಲೆ ದದ್ದು, ಜ್ವರ, ಕತ್ತು, ಕಂಕುಳಿನ ದುಗ್ಧರಸ ಗ್ರಂಥಿಗಳ ಊತ, ರಕ್ತದಲ್ಲಿ ಒಂದು ಜಾತಿಯ ಬಿಳಿ ಕಣಗಳ ಏರಿಕೆ, ಜೊತೆಗೆ ಯಕೃತ್ತು, ಮೂತ್ರಪಿಂಡದಂಥ ಒಳ ಅಂಗಗಳಿಗೆ ಹಾನಿ, ಇವೆಲ್ಲ ಸೇರಿದ ಸ್ಥಿತಿ ಅದು. ಅದು ಸಾಮಾನ್ಯವಾಗಿ ತಲೆದೋರುವುದು ಔಷಧ ಶುರುಮಾಡಿದ ಎರಡರಿಂದ ಎಂಟು ವಾರಗಳ ನಂತರ. ಅಷ್ಟು ಹೊತ್ತಿಗೆ ರೋಗಿಗೆ ಆ ಮಾತ್ರೆಯ ನೆನಪೇ ಉಳಿದಿರುವುದಿಲ್ಲ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನೂ ಮನದಟ್ಟು ಮಾಡಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯೊಬ್ಬರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು ಎಂದಿಟ್ಟುಕೊಳ್ಳೋಣ. ಔಷಧ ತೆಗೆದುಕೊಳ್ಳುವ ಅವಧಿಯಲ್ಲಿ ನಡೆದ ಅಹಿತಕರ ಘಟನೆ ಎಂದು ಅದನ್ನು ದಾಖಲಿಸಬಹುದು. ಆದರೆ ಬಿದ್ದದ್ದು ನೆಲದ ಪಾಚಿಯಿಂದಲೋ, ಮಾತ್ರೆಯಿಂದ ರಕ್ತದೊತ್ತಡ ಅತಿಯಾಗಿ ಇಳಿದು ತಲೆ ಸುತ್ತಿದ್ದರಿಂದಲೋ ಎಂಬುದು ಬೇರೆಯೇ ಪ್ರಶ್ನೆ. ಔಷಧವೇ ಕಾರಣ ಎಂಬ ಅನುಮಾನಕ್ಕೆ ಆಧಾರವಿದ್ದರೆ ಮಾತ್ರ ಅದು ಔಷಧದ ಪ್ರತಿಕೂಲ ಪ್ರತಿಕ್ರಿಯೆ ಎನಿಸುತ್ತದೆ. ಪತ್ರಿಕೆಗಳಲ್ಲಿ ಬರುವ ‘ಇಷ್ಟು ಸಾವಿರ ವರದಿಗಳು’ ಎಂಬ ಅಂಕಿಯನ್ನು ‘ಇಷ್ಟು ಸಾವಿರ ಜನರಿಗೆ ಔಷಧದಿಂದ ಹಾನಿ’ ಎಂದು ಓದಿಕೊಂಡರೆ ತಪ್ಪಾಗುವುದು ಈ ಕಾರಣಕ್ಕೇ.

ಪರೀಕ್ಷೆ ಮುಗಿದರೂ ಗೊತ್ತಾಗದೆ ಉಳಿಯುವುದೇಕೆ

ಹೊಸ ಔಷಧವೊಂದು ಅಂಗಡಿಗೆ ಬರುವ ಮುನ್ನ ಪ್ರಾಣಿಗಳ ಮೇಲೂ ಅನಂತರ ಹಂತಹಂತವಾಗಿ ಮನುಷ್ಯರ ಮೇಲೂ ಪರೀಕ್ಷೆಗೆ ಒಳಗಾಗುತ್ತದೆ. ಅಂತಿಮ ಹಂತದಲ್ಲಿ ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಜನರು ಭಾಗವಹಿಸುತ್ತಾರೆ. ಔಷಧ ಗುಣ ಕೊಡುತ್ತದೆಯೇ ಎಂದು ತಿಳಿಯಲು ಇಷ್ಟು ಮಂದಿ ಸಾಕು. ಅಪರೂಪದ ಹಾನಿಯನ್ನು ಹಿಡಿಯಲು ಸಾಲದು.

ಲೆಕ್ಕ ಸರಳವಾಗಿದೆ. ಒಂದು ತೊಂದರೆ 10 ಸಾವಿರ ಜನರಲ್ಲಿ ಒಬ್ಬರಿಗೆ ಬರುವಂಥದ್ದು ಎಂದುಕೊಳ್ಳೋಣ. 3 ಸಾವಿರ ಜನರ ಮೇಲೆ ಔಷಧವನ್ನು ಪರೀಕ್ಷಿಸಿದರೆ ಆ ತೊಂದರೆ ಒಬ್ಬರಲ್ಲೂ ಕಾಣಿಸದೇ ಹೋಗುವ ಸಾಧ್ಯತೆ ಸುಮಾರು ಶೇ 74ರಷ್ಟಿದೆ. ಒಂದು ಪ್ರಕರಣವಾದರೂ ಕಣ್ಣಿಗೆ ಬೀಳುತ್ತದೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬೇಕಾದರೆ 30 ಸಾವಿರ ಜನರನ್ನು ಗಮನಿಸಬೇಕು. ಅದೇ ಔಷಧವನ್ನು ಮುಂದೆ 1 ಕೋಟಿ ಜನ ಬಳಸಿದರೆ, ಪರೀಕ್ಷೆಯಲ್ಲಿ ಕಾಣದೇ ಉಳಿದಿದ್ದ ಆ ತೊಂದರೆ ಸಾವಿರ ಮನೆಗಳನ್ನು ತಟ್ಟಿರುತ್ತದೆ.

ಸಂಖ್ಯೆಯ ಜೊತೆಗೆ ಯಾರನ್ನು ಪರೀಕ್ಷಿಸುತ್ತಾರೆ ಎಂಬುದೂ ಮುಖ್ಯ. ಗರ್ಭಿಣಿಯರು, ಚಿಕ್ಕ ಮಕ್ಕಳು, ತೀರಾ ವಯಸ್ಸಾದವರು, ಮೂತ್ರಪಿಂಡ ದುರ್ಬಲವಾಗಿರುವವರು, ಒಟ್ಟಿಗೆ ನಾಲ್ಕೈದು ಮಾತ್ರೆ ನುಂಗುವವರು ಹೆಚ್ಚಿನ ಪರೀಕ್ಷೆಗಳಿಂದ ಹೊರಗುಳಿಯುತ್ತಾರೆ. ಔಷಧ ಮಾರುಕಟ್ಟೆಗೆ ಬಂದ ಮರುದಿನದಿಂದ ಅದನ್ನು ನುಂಗುವವರಲ್ಲಿ ಇವರೇ ಬಹಳ ಮಂದಿ. ಪರೀಕ್ಷೆ ನಡೆಯುವುದು ಕೆಲವು ತಿಂಗಳು ಅಥವಾ ಒಂದೆರಡು ವರ್ಷ. ಬಿ.ಪಿ. ಮಾತ್ರೆಯನ್ನಾದರೋ ಜನ ಮೂವತ್ತು ವರ್ಷ ನುಂಗುತ್ತಾರೆ.

ಅಪರೂಪವೇ ಅಲ್ಲದ ಪರಿಣಾಮವೂ ಕಣ್ತಪ್ಪಿ ಹೋಗಬಹುದು ಎಂಬುದಕ್ಕೆ ಎನಾಲಾಪ್ರಿಲ್ ಎಂಬ ಬಿ.ಪಿ. ಮಾತ್ರೆ ಒಳ್ಳೆಯ ಉದಾಹರಣೆ. ಆ ಗುಂಪಿನ ಬಿ.ಪಿ. ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ ಎಂಬುದು ಇಂದು ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನೂರರಲ್ಲಿ ಐದರಿಂದ ಇಪ್ಪತ್ತು ಮಂದಿಗೆ ಅದು ಬರುತ್ತದೆ. ಆದರೂ 1980ರ ದಶಕದಲ್ಲಿ ಈ ಮಾತ್ರೆಗಳು ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ ಕೆಮ್ಮು ಇವುಗಳ ಲೆಕ್ಕಕ್ಕೆ ಸೇರಿರಲಿಲ್ಲ. ಕೆಮ್ಮು ಯಾರಿಗೆ ಬರುವುದಿಲ್ಲ? ಧೂಳು, ಚಳಿ, ಹೊಗೆ ಎಂದು ಕಾರಣ ಹೇಳಿ ಸುಮ್ಮನಾಗುವುದು ಸುಲಭ. ಶ್ವಾಸನಾಳದಲ್ಲಿ ಕೆರಳಿಕೆ ಉಂಟುಮಾಡುವ ಬ್ರಾಡಿಕೈನಿನ್ ಎಂಬ ಪದಾರ್ಥ ಒಡೆದುಹೋಗುವುದನ್ನು ಈ ಮಾತ್ರೆಗಳು ತಡೆಯುತ್ತವೆ, ಆದ್ದರಿಂದ ಗಂಟಲು ಕೆರೆಯುತ್ತದೆ ಎಂಬ ವಿವರಣೆ ಹೊಳೆದದ್ದು, ವೈದ್ಯರು ತಮ್ಮ ರೋಗಿಗಳ ಕೆಮ್ಮನ್ನು ಬರೆದು ಕಳಿಸಲು ಆರಂಭಿಸಿದ ಮೇಲೆ.

ಥಾಲಿಡೊಮೈಡ್ ಕಲಿಸಿದ್ದು

ಈ ವ್ಯವಸ್ಥೆ ಹುಟ್ಟಿದ್ದು ಒಂದು ಘೋರ ದುರಂತದ ನಂತರ. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆ ‘ಕಾಂಟರ್ಗಾನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅಲ್ಲಿ ಅದು ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತಿತ್ತು. ತುಂಬ ಸುರಕ್ಷಿತ ಎಂದು ಹೆಸರಾದ ಅದನ್ನು ಬಸಿರಿನ ಮೊದಲ ತಿಂಗಳುಗಳ ವಾಕರಿಕೆಗೂ ಕೊಡತೊಡಗಿದರು. ನೋಡನೋಡುತ್ತ ಬೇರೆ ಬೇರೆ ಹೆಸರುಗಳಲ್ಲಿ 46 ದೇಶಗಳಿಗೆ ಹರಡಿತು.

ಅನಂತರದ ವರ್ಷಗಳಲ್ಲಿ ತೋಳುಗಳು ಬೆಳೆಯದೆ ಭುಜಕ್ಕೇ ಅಂಗೈ ಅಂಟಿಕೊಂಡಂತಿರುವ ಶಿಶುಗಳು ಅಲ್ಲೊಂದು ಇಲ್ಲೊಂದು ಹುಟ್ಟತೊಡಗಿದವು. ಒಬ್ಬ ಸೂಲಗಿತ್ತಿಯೋ ವೈದ್ಯರೋ ತಮ್ಮ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಕಾಣದಿರಬಹುದಾದಷ್ಟು ಅಪರೂಪದ ಅಂಗವಿಕಲತೆ ಅದು. ಒಂದು ಆಸ್ಪತ್ರೆಯಲ್ಲಿ ಒಂದು ಮಗು ಹುಟ್ಟಿದರೆ ದುರದೃಷ್ಟ ಎಂದರು, ಅನುವಂಶೀಯತೆ ಎಂದರು. ಅಣುಬಾಂಬ್ ಪರೀಕ್ಷೆಗಳ ವಿಕಿರಣದ ಮೇಲೂ ಅನುಮಾನ ಪಟ್ಟರು. 1961ರ ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಸ್ ಅವರು ಇಂಥ ಮಕ್ಕಳ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಬಸುರಿನಲ್ಲಿ ಅವರು ನುಂಗಿದ್ದೇನು ಎಂದು ಕೇಳುತ್ತ ಹೋಗಿ ಈ ಮಾತ್ರೆಯತ್ತ ಬೆರಳು ತೋರಿದರು. ಅದೇ ತಿಂಗಳ ಕೊನೆಯಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಭೂಮಿಯ ಇನ್ನೊಂದು ತುದಿಯ ಸಿಡ್ನಿಯಲ್ಲಿ ಪ್ರಸೂತಿ ವೈದ್ಯ ವಿಲಿಯಂ ಮ್ಯಾಕ್‌ಬ್ರೈಡ್ ಅವರಿಗೂ ಇದೇ ಅನುಮಾನ ಬಂದಿತ್ತು. ಅವರ ಪುಟ್ಟ ಪತ್ರ ಆ ವರ್ಷದ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಸುಮಾರು 10 ಸಾವಿರ ಮಕ್ಕಳಿಗೆ ಹಾನಿಯಾಗಿ ಹೋಗಿತ್ತು. ಅವರಲ್ಲಿ ಹಲವರು ಹುಟ್ಟಿದ ಮೊದಲ ವರ್ಷವನ್ನೇ ದಾಟಲಿಲ್ಲ.

ಅಮೆರಿಕದಲ್ಲಿ ಈ ಔಷಧ ಮಾರಾಟಕ್ಕೆ ಬರಲೇ ಇಲ್ಲ ಎನ್ನಬಹುದು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಗೆ ಆಗಷ್ಟೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಅವರು, ಸುರಕ್ಷತೆಯ ಆಧಾರ ಸಾಲದು ಎಂದು ಅನುಮತಿಯನ್ನು ಮತ್ತೆ ಮತ್ತೆ ತಡೆಹಿಡಿದರು. ಈ ಮಾತ್ರೆ ನುಂಗಿದವರ ಕೈಕಾಲು ಜೋಮು ಹಿಡಿಯುತ್ತಿದೆ ಎಂದು ಬ್ರಿಟನ್ನಿನ ವೈದ್ಯರೊಬ್ಬರು ಪತ್ರಿಕೆಯೊಂದಕ್ಕೆ ಬರೆದಿದ್ದ ಕಾಗದ ಅವರ ಕಣ್ಣಿಗೆ ಬಿದ್ದಿತ್ತು. ನರಗಳಿಗೆ ಹಾನಿ ಮಾಡುವ ವಸ್ತು ಭ್ರೂಣಕ್ಕೆ ಏನು ಮಾಡೀತು ಎಂದು ಅವರು ಕೇಳಿದರು. ಯಾರೋ ಒಬ್ಬರು ತಮ್ಮ ರೋಗಿಗಳಲ್ಲಿ ಕಂಡದ್ದನ್ನು ನಾಲ್ಕು ಸಾಲು ಬರೆದಿಟ್ಟದ್ದು ಸಾಗರದಾಚೆಯ ಎಷ್ಟೋ ಮಕ್ಕಳ ಕೈಕಾಲು ಉಳಿಸಿತು ಎಂಬುದನ್ನು ಈ ಇತಿಹಾಸದಲ್ಲಿ ನಾನು ಎಲ್ಲಕ್ಕಿಂತ ಮಿಗಿಲಾದ ಸಂಗತಿ ಎಂದು ಭಾವಿಸುತ್ತೇನೆ.

ಥಾಲಿಡೊಮೈಡ್ ಇಂದಿಗೂ ಬಳಕೆಯಲ್ಲಿದೆ. ಕುಷ್ಠರೋಗದಲ್ಲಿ ಬರುವ ಒಂದು ಬಗೆಯ ನೋವಿನ ಗಂಟುಗಳಿಗೂ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೂ ಅದು ಒಳ್ಳೆಯ ಔಷಧ. ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರಿಗೆ ಕೊಡಬೇಕಾದಾಗ ಮಾತ್ರ ಬಹಳ ಕಟ್ಟುನಿಟ್ಟಿನ ನಿಯಮಗಳಿವೆ. ಹಾನಿ ಯಾರಿಗೆ, ಯಾವಾಗ ಎಂಬುದು ತಿಳಿದ ಮೇಲೆ ಅದೇ ಪದಾರ್ಥವನ್ನು ಎಚ್ಚರದಿಂದ ಬಳಸಲು ಸಾಧ್ಯವಾಯಿತು.

ಮದುವೆಮನೆಯ ಊಟ ಮತ್ತು ಉಪ್ಸಲಾ

ಒಂದು ಮದುವೆಗೆ ಬೇರೆ ಬೇರೆ ಊರಿನ ಐನೂರು ಜನ ಬಂದು ಉಂಡು ಹೋದರು ಎನ್ನೋಣ. ಅಂದು ರಾತ್ರಿ ಶಿರಸಿಯಲ್ಲಿ ಒಬ್ಬರಿಗೆ, ತುಮಕೂರಿನಲ್ಲಿ ಇಬ್ಬರಿಗೆ, ಪುಣೆಯಲ್ಲಿ ಒಬ್ಬರಿಗೆ ವಾಂತಿಭೇದಿ ಆಯಿತು. ಪ್ರಯಾಣದ ಆಯಾಸ, ಬಿಸಿಲು, ದಾರಿಯಲ್ಲಿ ಕುಡಿದ ನೀರು ಎಂದು ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಾರಣ ಸಿಗುತ್ತದೆ. ಮರುದಿನ ಒಬ್ಬರಿಗೊಬ್ಬರು ಫೋನು ಮಾಡಿ, ಹೊಟ್ಟೆ ಕೆಟ್ಟ ನಾಲ್ವರೂ ಖೋವಾದ ಸಿಹಿ ತಿಂದಿದ್ದರು, ತಿನ್ನದವರಿಗೆ ಏನೂ ಆಗಿಲ್ಲ ಎಂದು ತಿಳಿದಾಗಲೇ ಕಾರಣ ಹೊಳೆಯುವುದು. ಔಷಧಗಳ ವಿಷಯದಲ್ಲಿ ಈ ಫೋನು ಮಾಡುವ ಕೆಲಸವನ್ನು ದೇಶ ದೇಶಗಳ ನಡುವೆ ಯಾರಾದರೂ ಮಾಡಬೇಕಿತ್ತು.

1963ರಲ್ಲಿ ವಿಶ್ವ ಆರೋಗ್ಯ ಸಭೆ ಈ ಕುರಿತು ನಿರ್ಣಯ ಕೈಗೊಂಡಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳನ್ನು ಸೇರಿಸಿಕೊಂಡು, ಅಡ್ಡಪರಿಣಾಮಗಳ ವರದಿಗಳನ್ನು ಒಂದೇ ಕಡೆ ಕೂಡಿಡುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ಅಮೆರಿಕದಲ್ಲಿ ಶುರುವಾದ ಆ ಕೆಲಸ ಜಿನೀವಾಕ್ಕೆ ಬಂದು, 1978ರಲ್ಲಿ ಸ್ವೀಡನ್‌ನ ಉಪ್ಸಲಾ ನಗರದಲ್ಲಿ ನೆಲೆಯೂರಿತು. ಅಲ್ಲಿನ ಉಪ್ಸಲಾ ಮಾನಿಟರಿಂಗ್ ಸೆಂಟರ್ ಇಂದು 150ಕ್ಕೂ ಹೆಚ್ಚು ದೇಶಗಳ ವರದಿಗಳನ್ನು ‘ವಿಜಿಬೇಸ್’ ಎಂಬ ದತ್ತಸಂಚಯದಲ್ಲಿ ಇರಿಸಿಕೊಂಡಿದೆ. ಅದರಲ್ಲಿರುವ ವರದಿಗಳ ಸಂಖ್ಯೆ 3 ಕೋಟಿಯ ಗಡಿಯನ್ನು ಎಂದೋ ದಾಟಿದೆ. ಭಾರತ ಈ ಜಾಲಕ್ಕೆ ಸೇರಿದ್ದು 1990ರ ದಶಕದ ಕೊನೆಯಲ್ಲಿ. ಈಗಿರುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಮರುವರ್ಷದಿಂದ ಅದರ ರಾಷ್ಟ್ರೀಯ ಕೇಂದ್ರವಾಗಿರುವುದು ಗಾಜಿಯಾಬಾದ್‌ನಲ್ಲಿರುವ ಫಾರ್ಮಕೋಪಿಯಾ ಆಯೋಗ. ದೇಶದಾದ್ಯಂತ ವೈದ್ಯಕೀಯ ಕಾಲೇಜು ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ ನೂರಾರು ನಿಗಾ ಕೇಂದ್ರಗಳು ಅದರಡಿ ಕೆಲಸ ಮಾಡುತ್ತವೆ. ಈ ಕೆಲಸದಲ್ಲಿ ದಕ್ಷಿಣ ಭಾರತದವರಿಗೆ ತರಬೇತಿ ನೀಡುವ ಹೊಣೆ ಮೈಸೂರಿನ ಜೆಎಸ್‌ಎಸ್ ಸಂಸ್ಥೆಯ ಮೇಲಿದೆ.

ಒಂದು ವರದಿ ಸಾಗುವ ದಾರಿ

ಅರಸೀಕೆರೆ ಹತ್ತಿರದ ಹಳ್ಳಿಯ 62 ವರ್ಷದ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬಿ.ಪಿ. ಇದೆ ಎಂದು ಗೊತ್ತಾಗಿ ಎನಾಲಾಪ್ರಿಲ್ ಶುರುಮಾಡಿ ಮೂರು ವಾರವಾಗಿದೆ. ರಾತ್ರಿ ಮಲಗಿದರೆ ಕಫವಿಲ್ಲದ ಕೆಮ್ಮು. ಶುಂಠಿ, ಕಾಳುಮೆಣಸಿನ ಕಷಾಯವಾಯಿತು, ಅಂಗಡಿಯಿಂದ ತಂದ ಎರಡು ಬಾಟಲಿ ಸಿರಪ್ ಮುಗಿಯಿತು, ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ವೈದ್ಯರೊಬ್ಬರು, ‘ಅಮ್ಮಾ, ಈಚೆಗೆ ಯಾವುದಾದರೂ ಹೊಸ ಮಾತ್ರೆ ಶುರುಮಾಡಿದ್ದೀರಾ?’ ಎಂದು ಕೇಳುತ್ತಾರೆ. ಮಾತ್ರೆ ಬದಲಿಸಿದ ಹತ್ತು ದಿನಕ್ಕೆ ಕೆಮ್ಮು ನಿಲ್ಲುತ್ತದೆ.

ಆ ವೈದ್ಯರೋ ಅಲ್ಲಿನ ಫಾರ್ಮಸಿಸ್ಟರೋ ಒಂದು ನಮೂನೆ ತುಂಬುತ್ತಾರೆ. ಅದರಲ್ಲಿ ಇರಲೇಬೇಕಾದದ್ದು ನಾಲ್ಕೇ ಸಂಗತಿ: ಗುರುತಿಸಬಹುದಾದ ಒಬ್ಬ ರೋಗಿ, ಅನುಮಾನಕ್ಕೆ ಒಳಗಾದ ಔಷಧ, ಉಂಟಾದ ತೊಂದರೆ, ವರದಿ ಮಾಡುತ್ತಿರುವವರು. ರೋಗಿಯ ಪೂರ್ತಿ ಹೆಸರು ಬೇಕಿಲ್ಲ, ಹೆಸರಿನ ಮೊದಲಕ್ಷರ, ವಯಸ್ಸು, ಲಿಂಗ ಸಾಕು. ಮಾತ್ರೆ ಶುರುಮಾಡಿದ ದಿನ, ಕೆಮ್ಮು ಶುರುವಾದ ದಿನ, ಮಾತ್ರೆ ನಿಲ್ಲಿಸಿದ ಮೇಲೆ ಏನಾಯಿತು, ಜೊತೆಗೆ ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದರು ಎಂಬ ವಿವರಗಳು ಸೇರಿದಷ್ಟೂ ವರದಿಗೆ ಬೆಲೆ ಹೆಚ್ಚು. ಆ ಹಾಳೆ ನಿಗಾ ಕೇಂದ್ರಕ್ಕೆ, ಅಲ್ಲಿಂದ ಗಣಕದ ಮೂಲಕ ಗಾಜಿಯಾಬಾದಿಗೆ, ಅಲ್ಲಿಂದ ಉಪ್ಸಲಾಕ್ಕೆ ಹೋಗುತ್ತದೆ. ‘ಕೆಮ್ಮು ಬಿಡ್ತಾನೇ ಇಲ್ಲ’ ಎಂದು ಅರಸೀಕೆರೆಯಲ್ಲಿ ಹೇಳಿದ್ದೂ ಅದನ್ನೇ ಜಪಾನಿನಲ್ಲಿ, ಬ್ರೆಜಿಲ್‌ನಲ್ಲಿ ಬೇರೆ ಮಾತಿನಲ್ಲಿ ಹೇಳಿದ್ದೂ ಒಂದೇ ಸಾಲಿಗೆ ಬರಬೇಕಾದ್ದರಿಂದ, ತೊಂದರೆಗಳಿಗೂ ಔಷಧಗಳಿಗೂ ಎಲ್ಲ ದೇಶಗಳು ಒಪ್ಪಿದ ಸಂಕೇತ ಪದಗಳ ಕೋಶಗಳಿವೆ.

ಕಾರಣ ಔಷಧವೇ ಎಂದು ನಿರ್ಧರಿಸುವ ವಿಧಾನವೂ ಈ ಉದಾಹರಣೆಯಲ್ಲೇ ಇದೆ. ಮಾತ್ರೆ ಮೊದಲು, ಕೆಮ್ಮು ಅನಂತರ ಬಂದಿದೆಯೇ? ಬೇರೆ ಕಾಯಿಲೆಯಿಂದ ಅದನ್ನು ವಿವರಿಸಲು ಸಾಧ್ಯವೇ? ಮಾತ್ರೆ ನಿಲ್ಲಿಸಿದಾಗ ಕೆಮ್ಮೂ ನಿಂತಿತೇ? ಅಕಸ್ಮಾತ್ತಾಗಿ ಅದೇ ಮಾತ್ರೆಯನ್ನು ಮತ್ತೆ ತೆಗೆದುಕೊಂಡಾಗ ಕೆಮ್ಮು ಮರಳಿತೇ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಲವಾದ ಪುರಾವೆ, ಆದರೆ ತೀವ್ರ ತೊಂದರೆಯಾದವರಿಗೆ ಬೇಕೆಂದೇ ಮತ್ತೆ ಕೊಟ್ಟು ನೋಡುವಂತಿಲ್ಲ. ಈ ಉತ್ತರಗಳ ಆಧಾರದಲ್ಲಿ ಪ್ರತಿ ಪ್ರಕರಣವನ್ನು ಖಚಿತ, ಬಹುಮಟ್ಟಿಗೆ ಹೌದು, ಇರಬಹುದು, ಇರಲಾರದು ಮೊದಲಾದ ದರ್ಜೆಗಳಲ್ಲಿ ಇಡುತ್ತಾರೆ. ಬಹಳಷ್ಟು ವರದಿಗಳು ‘ಇರಬಹುದು’ ಎಂಬಲ್ಲೇ ನಿಲ್ಲುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ.

ರಾಶಿಯಲ್ಲಿ ಸುಳಿವು ಹುಡುಕುವುದು

ಕೋಟಿಗಟ್ಟಲೆ ವರದಿಗಳನ್ನು ಒಂದೊಂದಾಗಿ ಓದಲು ಯಾರಿಂದಲೂ ಆಗದು. ಆದ್ದರಿಂದ ಮೊದಲ ಜರಡಿಯನ್ನು ಗಣಕ ಹಿಡಿಯುತ್ತದೆ. ಎಲ್ಲ ಔಷಧಗಳ ಎಲ್ಲ ವರದಿಗಳನ್ನು ಒಟ್ಟಿಗೆ ತೆಗೆದುಕೊಂಡಾಗ ನೂರರಲ್ಲಿ ಎರಡರಲ್ಲಿ ಕೂದಲುದುರುವಿಕೆಯ ಮಾತಿದೆ ಎಂದು ಭಾವಿಸಿ. ಒಂದು ನಿರ್ದಿಷ್ಟ ಔಷಧದ ವರದಿಗಳನ್ನು ಮಾತ್ರ ಬೇರ್ಪಡಿಸಿ ನೋಡಿದರೆ ನೂರರಲ್ಲಿ ಹದಿನೈದರಲ್ಲಿ ಅದೇ ದೂರು ಕಾಣಿಸುತ್ತದೆ. ಎರಡು ಇರಬೇಕಾದಲ್ಲಿ ಹದಿನೈದು ಏಕೆ? ಇಂಥ ಏರುಪೇರನ್ನು ಗಣಕ ಎತ್ತಿ ತೋರಿಸುತ್ತದೆ. ಅನಂತರ ವೈದ್ಯರು, ಔಷಧ ವಿಜ್ಞಾನಿಗಳು ಕುಳಿತು ಆ ಹದಿನೈದನ್ನೂ ಒಂದೊಂದಾಗಿ ಓದುತ್ತಾರೆ. ಔಷಧಕ್ಕೂ ತೊಂದರೆಗೂ ಹೊಸ ನಂಟು ಇರಬಹುದು, ಮುಂದೆ ಶೋಧಿಸಬೇಕು ಎನ್ನುವಷ್ಟು ಆಧಾರ ಸಿಕ್ಕಿದರೆ ಅದನ್ನು ಸಿಗ್ನಲ್, ಅಂದರೆ ಸುಳಿವು ಎನ್ನುತ್ತಾರೆ.

ಈ ರಾಶಿಯಿಂದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿಗದು. ನೂರು ವರದಿ ಬಂದಿವೆ ಎಂಬುದು ಗೊತ್ತಾಗುತ್ತದೆ, ಔಷಧ ನುಂಗಿದವರು ಒಟ್ಟು ಎಷ್ಟು ಮಂದಿ ಎಂಬುದು ಗೊತ್ತಾಗುವುದಿಲ್ಲ. ಆದ್ದರಿಂದ ಲಕ್ಷಕ್ಕೆ ಎಷ್ಟು ಜನರಿಗೆ ಅಪಾಯ ಎಂದು ಹೇಳಲು ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿದ ಬೇರೆ ಅಧ್ಯಯನಗಳೇ ಆಗಬೇಕು. ಪತ್ರಿಕೆಯಲ್ಲಿ ಒಂದು ಔಷಧದ ಹೆಸರು ಬಂದ ಮೇಲೆ ಅದರ ವರದಿಗಳು ಒಮ್ಮೆಲೇ ಹೆಚ್ಚುವುದೂ ಉಂಟು.

ಸುಳಿವು ಗಟ್ಟಿಯಾದ ಮೇಲೆ ಔಷಧವನ್ನು ನಿಷೇಧಿಸಿಯೇ ಬಿಡುತ್ತಾರೆ ಎಂದಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಔಷಧದ ಜೊತೆಗಿನ ಮಾಹಿತಿ ಚೀಟಿಗೆ ಒಂದು ಸಾಲು ಸೇರುತ್ತದೆ. ಕೆಲವೊಮ್ಮೆ ಬಳಕೆಗೆ ಮಿತಿ ಬರುತ್ತದೆ. ನಿಮೆಸುಲೈಡ್ ಎಂಬ ನೋವುನಿವಾರಕವನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ 2011ರಲ್ಲಿ ನಿಯಮ ಮಾಡಿತು. ಮಧುಮೇಹದ ಪಯೋಗ್ಲಿಟಜೋನ್ ಮಾತ್ರೆಯನ್ನು, ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ, 2013ರ ಜೂನ್‌ನಲ್ಲಿ ತಡೆಹಿಡಿದು, ಪ್ರಯೋಜನ ಮತ್ತು ಅಪಾಯಗಳನ್ನು ತಜ್ಞರು ಮತ್ತೆ ತೂಗಿದ ಮೇಲೆ ಜುಲೈಯಲ್ಲಿ ಎಚ್ಚರಿಕೆಯ ಬರಹದೊಂದಿಗೆ ಮರಳಿ ಬಿಡಲಾಯಿತು. ಭಾರತದಲ್ಲಿ ಇಂಥ ತೀರ್ಮಾನ ಕೈಗೊಳ್ಳುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಮತ್ತು ಅದರ ಔಷಧ ನಿಯಂತ್ರಕರಿಗೆ. ಆಯೋಗ ಶಿಫಾರಸು ಮಾಡುತ್ತದೆ, ಉಪ್ಸಲಾ ಕೇಂದ್ರ ಯಾವ ದೇಶಕ್ಕೂ ಆಜ್ಞೆ ಮಾಡುವುದಿಲ್ಲ.

ಒಂದೇ ದೇಶದ ಲೆಕ್ಕ ಏಕೆ ಸಾಲದು

ಅಪಸ್ಮಾರಕ್ಕೆ, ಅಂದರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಯುರೋಪಿನಲ್ಲಿ ದಶಕಗಳಿಂದ ಬಳಕೆಯಲ್ಲಿತ್ತು. ಇದರಿಂದ ಕೆಲವರಿಗೆ ಚರ್ಮ ಸುಟ್ಟಂತೆ ಸುಲಿದು, ಬಾಯಿ ಕಣ್ಣುಗಳಲ್ಲಿ ಹುಣ್ಣಾಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬರುತ್ತದೆ. ಏಷ್ಯಾದ ಹಲವು ಜನಸಮುದಾಯಗಳಲ್ಲಿ ಇದು ಹೆಚ್ಚು ಏಕೆ ಎಂಬುದಕ್ಕೆ 2004ರಲ್ಲಿ ತೈವಾನ್‌ನ ಸಂಶೋಧಕರು ಕಾರಣ ಕಂಡುಹಿಡಿದರು. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಪ್ರಭೇದ ಇರುವವರಿಗೆ ಅಪಾಯ ಬಹುಪಟ್ಟು ಹೆಚ್ಚು. ಯುರೋಪಿಯನ್ನರಲ್ಲಿ ಈ ಪ್ರಭೇದ ತೀರಾ ವಿರಳ, ಆಗ್ನೇಯ ಏಷ್ಯಾದಲ್ಲಿ ಸಾಮಾನ್ಯ, ಭಾರತದಲ್ಲೂ ಇದೆ. ಯುರೋಪಿನ ಅನುಭವವನ್ನಷ್ಟೇ ನಂಬಿ ಕುಳಿತಿದ್ದರೆ ಇದು ತಿಳಿಯುತ್ತಿರಲಿಲ್ಲ.

ನೆರೆಹೊರೆಯ ಎರಡು ದೇಶಗಳನ್ನು ಹೋಲಿಸಿದ್ದರಿಂದಲೇ ಬಯಲಾದ ಪ್ರಕರಣವೂ ಇದೆ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಕೊಡುವ ಔಷಧಗಳಿಂದ ಪ್ರಾಣಾಪಾಯದ ಅಲರ್ಜಿ ಆಗುವುದು ಸ್ವೀಡನ್ನಿಗಿಂತ ನಾರ್ವೆಯಲ್ಲಿ ತುಂಬ ಹೆಚ್ಚಿತ್ತು. ಹುಡುಕುತ್ತ ಹೋದಾಗ ಸಿಕ್ಕ ವ್ಯತ್ಯಾಸ ಒಂದು ಕೆಮ್ಮಿನ ಸಿರಪ್. ನಾರ್ವೆಯಲ್ಲಿ ಫೋಲ್ಕೋಡಿನ್ ಇರುವ ಸಿರಪ್ ಮಾರಾಟದಲ್ಲಿತ್ತು, ಸ್ವೀಡನ್ನಿನಲ್ಲಿ ಇರಲಿಲ್ಲ. ಆ ಸಿರಪ್ ಕುಡಿದವರ ದೇಹ, ಮುಂದೆಂದೋ ಆಪರೇಷನ್ ಮೇಜಿನ ಮೇಲೆ ಸಿಗಲಿರುವ ಬೇರೊಂದು ಔಷಧದ ವಿರುದ್ಧ ಮೊದಲೇ ಸಜ್ಜಾಗಿಬಿಡುತ್ತಿತ್ತು. 2007ರಲ್ಲಿ ನಾರ್ವೆ ಅದನ್ನು ನಿಲ್ಲಿಸಿದ ಮೇಲೆ ಅಲ್ಲಿ ಇಂಥ ಅಲರ್ಜಿ ಇಳಿಯಿತು. ಯುರೋಪಿನ ಔಷಧ ಸಂಸ್ಥೆ 2022ರ ಕೊನೆಯಲ್ಲಿ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದನ್ನು ಹಿಂತೆಗೆಯಲು ಶಿಫಾರಸು ಮಾಡಿತು. ಸಿರಪ್ ಕುಡಿದದ್ದಕ್ಕೂ ತಿಂಗಳುಗಳ ನಂತರದ ಆಪರೇಷನ್ನಿಗೂ ನಂಟು ಹಾಕಲು ಯಾವ ಒಬ್ಬ ವೈದ್ಯರಿಗೆ ತಾನೇ ಸಾಧ್ಯವಿತ್ತು?

ಆಸ್ಟ್ರಾಜೆನೆಕಾ ಕಂಪನಿಯ ಕೋವಿಡ್ ಲಸಿಕೆ, ಅಂದರೆ ನಮ್ಮಲ್ಲಿ ಕೊಟ್ಟ ಕೋವಿಶೀಲ್ಡ್ ವಿಷಯವೂ ಇಲ್ಲಿಗೇ ಸೇರುತ್ತದೆ. 2021ರ ಮಾರ್ಚ್‌ನಲ್ಲಿ ಆಸ್ಟ್ರಿಯಾ, ಜರ್ಮನಿ, ನಾರ್ವೆ ಮೊದಲಾದ ದೇಶಗಳಲ್ಲಿ ಆಸ್ಟ್ರಾಜೆನೆಕಾ ಲಸಿಕೆ ಪಡೆದ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮತ್ತು ಪ್ಲೇಟ್‌ಲೆಟ್ ಇಳಿಕೆ ಎರಡೂ ಒಟ್ಟಿಗೆ ಕಂಡುಬಂದವು. ಏಪ್ರಿಲ್ 7ರಂದೇ ಯುರೋಪಿನ ಸಂಸ್ಥೆ ಇದನ್ನು ಅತಿ ವಿರಳ ಅಡ್ಡಪರಿಣಾಮವೆಂದು ಪಟ್ಟಿಗೆ ಸೇರಿಸಿತು. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ದಾಖಲೆಯಲ್ಲಿ ಕಂಪನಿ ಇದನ್ನು ಒಪ್ಪಿಕೊಂಡ ಸುದ್ದಿ ಬಂದಾಗ ನಮ್ಮಲ್ಲಿ ಅನೇಕರು, ಮುಚ್ಚಿಟ್ಟ ಗುಟ್ಟು ಈಗ ಹೊರಬಿತ್ತು ಎಂದು ಗಾಬರಿಯಾದರು. ನಿಗಾ ವ್ಯವಸ್ಥೆ ಅದನ್ನು ಮೂರು ವರ್ಷ ಮೊದಲೇ ಹಿಡಿದು ಪ್ರಕಟಿಸಿತ್ತು. ಜನಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ಅದು ತಲುಪಿರಲಿಲ್ಲ, ಅಷ್ಟೆ. ಈ ಕೊರತೆ ಸಣ್ಣದಲ್ಲ.

ಕೆಟ್ಟ ಔಷಧದ ಮಾತು ಬೇರೆ

ಸರಿಯಾಗಿ ತಯಾರಾದ ಔಷಧದ ಅಡ್ಡಪರಿಣಾಮ ಒಂದು, ತಯಾರಿಕೆಯಲ್ಲೇ ಕೆಟ್ಟಿರುವ ಔಷಧದ ಹಾನಿ ಇನ್ನೊಂದು. 2022ರಲ್ಲಿ ಗ್ಯಾಂಬಿಯಾದಲ್ಲೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲೂ ಮಕ್ಕಳನ್ನು ಬಲಿತೆಗೆದುಕೊಂಡ ಕೆಮ್ಮಿನ ಸಿರಪ್‌ಗಳಲ್ಲಿ ಇದ್ದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ, ಮೂತ್ರಪಿಂಡಕ್ಕೆ ಅದು ನೇರ ವಿಷ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ. ಇಂಥ ಪ್ರಕರಣಗಳಲ್ಲಿ ಕ್ರಮ ಕೈಗೊಳ್ಳುವುದು ಔಷಧ ನಿಯಂತ್ರಣ ಇಲಾಖೆ ಮತ್ತು ಪ್ರಯೋಗಾಲಯಗಳ ಕೆಲಸ. ಆದರೆ ಒಂದೇ ಆಸ್ಪತ್ರೆಯಲ್ಲಿ, ಒಂದೇ ಬ್ಯಾಚಿನಿಂದ, ಕೆಲವೇ ದಿನಗಳಲ್ಲಿ ಹಲವರಿಗೆ ಒಂದೇ ಬಗೆಯ ತೊಂದರೆ ಎಂಬ ಮೊದಲ ಸುಳಿವು ಇಲ್ಲೂ ವರದಿಯಿಂದಲೇ ಸಿಗಬೇಕು. ಅದು ಒಂದು ದಿನ ಮೊದಲು ಸಿಕ್ಕರೆ ಉಳಿಯುವುದು ಜೀವ.

ಬರೆಯದೇ ಉಳಿಯುವುದು

ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ, ಆದದ್ದನ್ನು ಯಾರೂ ಬರೆಯದಿರುವುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಡೆದ ಪ್ರತಿಕೂಲ ಪ್ರತಿಕ್ರಿಯೆಗಳಲ್ಲಿ ಸುಮಾರು ಶೇ 94 ವರದಿಯೇ ಆಗುವುದಿಲ್ಲ. ವೈದ್ಯರಿಗೆ ಸಮಯವಿಲ್ಲ, ಖಚಿತವಿಲ್ಲದೆ ಬರೆಯುವುದು ಹೇಗೆಂಬ ಹಿಂಜರಿಕೆ, ತಮ್ಮ ಮೇಲೆ ತಪ್ಪು ಬಂದೀತೆಂಬ ಅಳುಕು. ಖಚಿತತೆ ಬೇಕಿಲ್ಲ, ಅನುಮಾನ ಸಾಕು. ವರದಿ ಮಾಡಿದ ಮಾತ್ರಕ್ಕೆ ವೈದ್ಯರೋ ಕಂಪನಿಯೋ ತಪ್ಪಿತಸ್ಥರೆಂದು ಒಪ್ಪಿಕೊಂಡಂತೆ ಆಗುವುದಿಲ್ಲ, ರೋಗಿಯ ಗುರುತೂ ಹೊರಬೀಳುವುದಿಲ್ಲ. ಹಾಗೆಯೇ ವರದಿ ಎಂದರೆ ಪರಿಹಾರ ಕೇಳುವ ಅರ್ಜಿಯೂ ಅಲ್ಲ.

ರೋಗಿಗಳು, ಮನೆಯವರು ತಾವೇ ವರದಿ ಮಾಡಲು ಭಾರತದಲ್ಲಿ 2014ರಿಂದ ಅವಕಾಶವಿದೆ. ಬಳಕೆದಾರರ ನಮೂನೆ ಕನ್ನಡದಲ್ಲೂ ಸಿಗುತ್ತದೆ. 1800-180-3024 ಎಂಬ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕರೆ ಮಾಡಬಹುದು, ಮೊಬೈಲ್ ಆ್ಯಪ್ ಮೂಲಕವೂ ಕಳಿಸಬಹುದು, ಹತ್ತಿರದ ವೈದ್ಯಕೀಯ ಕಾಲೇಜಿನ ನಿಗಾ ಕೇಂದ್ರಕ್ಕೂ ಕೊಡಬಹುದು. ದೀರ್ಘಕಾಲದ ಕಾಯಿಲೆಯ ಮಾತ್ರೆಯನ್ನು ಭಯದಿಂದ ತಾವೇ ನಿಲ್ಲಿಸಬಾರದು. ಮುಖ ಊದಿ ಉಸಿರಾಟಕ್ಕೆ ಕಷ್ಟವಾದರೆ, ಜ್ವರದೊಡನೆ ಮೈತುಂಬ ದದ್ದು ಎದ್ದರೆ, ಚರ್ಮ ಅಥವಾ ಬಾಯಿಯ ಒಳಭಾಗ ಸುಲಿಯತೊಡಗಿದರೆ ಮೊದಲು ಆಸ್ಪತ್ರೆ, ವರದಿ ಆಮೇಲೆ.

ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಹಾಳೆಯನ್ನೂ ಜೊತೆಗೆ ಒಯ್ಯಬೇಕು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹತ್ತು ಮಾತ್ರೆಯ ಹಾಳೆಯಿಂದ ನಾಲ್ಕನ್ನು ಕತ್ತರಿಸಿ ಕೊಡುವ ರೂಢಿಯಿದೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿದು, ಮನೆಗೆ ಬರುವುದು ಹೆಸರೂ ಪೂರ್ತಿ ಕಾಣದ ತುಂಡು. ಬಿಲ್ ಕೇಳಿ ಪಡೆದರೆ ಅದರಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ. ಇಲ್ಲವಾದರೆ ಕತ್ತರಿಸುವ ಮುನ್ನ ಇಡೀ ಹಾಳೆಯ ಹಿಂಬದಿಯನ್ನು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಮೊದಲ ಮಾತ್ರೆ ನುಂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ, ನಮೂನೆಯಲ್ಲಿ ಸಾಮಾನ್ಯವಾಗಿ ಖಾಲಿ ಉಳಿಯುವ ಎರಡು ಅಂಕಣಗಳು ತುಂಬುತ್ತವೆ.